ಹದಿಮೂರನೇ ಕಿಲೋಮೀಟರಿನಲ್ಲಿ ಸೋದರತ್ತೆ

ನಾನು ಹುಟ್ಟಾ ಪುಕ್ಕಲು. ಹಾಗೆಂದು ದೆವ್ವ ಭೂತಕ್ಕೆ ಹೆದರುವವನಲ್ಲ. ಅವುಗಳ ಬಗ್ಗೆ ಯೋಚಿಸಲು ನನಗೆ ಪುರುಸೊತ್ತೇ ಸಿಕ್ಕಿಲ್ಲ. ನನ್ನವೇನಿದ್ದರೂ ಸಣ್ಣಪುಟ್ಟ ಭಯಗಳು. ಮನೆಗೆ ಬೀಗ ಹಾಕಿ, ಹಲಸೂರು ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತಿದ ಮೇಲೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬಂದವನು ನಾನು. ಮದುವೆಗೆ ಹೋದರೆ ಗಂಡು ಹೆಣ್ಣಿನ ಮುಖ ನೋಡುವ ಮೊದಲು ಟಾಯ್ಲೆಟ್ ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ. ಇಂಥವನ ಎದುರು ಒಂದು ಸಂಜೆ ಹೆಂಡತಿ ವನಜಾ ಚಪಾತಿ ಲಟ್ಟಿಸುತ್ತಾ, "ರೀ, ನಾವು ಮೂರೂ ಜನ ಹಾಫ್ ಮ್ಯಾರಥಾನ್ ಓಡ್ತಾ ಇದೀವಿ. ಚೈತ್ರ ಹೆಸರು ಕೊಟ್ಬಿಟ್ಟಿದಾಳೆ" ಅಂದಳು. ಚೈತ್ರ ನಮ್ಮ ಮಗಳು, ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. "ಬರೀ ಇಪ್ಪತ್ತೊಂದು ಕಿಲೋಮೀಟರ್ ಅಪ್ಪಾ" ಎಂದು ಸಮಾಧಾನ ಹೇಳಿದಳು. ಆ 'ಬರೀ' ಕೇಳಿಯೇ ನನ್ನ ಮಂಡಿ ನೋಯತೊಡಗಿತು.

ಓಟದ ಹುಚ್ಚು ಮಗಳದ್ದಲ್ಲ, ವನಜಾಳದ್ದು ಎಂಬುದು ಆಮೇಲೆ ತಿಳಿಯಿತು. ನಲವತ್ತೆಂಟನೇ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದೆ. "ನನ್ನದು ಅಂತ ಶುರು ಮಾಡಿದ್ದನ್ನ ಒಂದಾದ್ರೂ ಮುಗಿಸ್ಬೇಕು ರೀ" ಎಂದಳು. ಮಾತು ಮೆತ್ತಗಿತ್ತು, ಆದರೆ ನನಗೆ ಸರಿಯಾಗಿಯೇ ತಾಗಿತು. ಅವಳು ಈಜು ಕಲಿಯಲು ಸೇರಿದ ವಾರವೇ ನನ್ನ ಬೆನ್ನು ಹಿಡಿದುಕೊಂಡಿತ್ತು. ವೀಣೆಯ ಪಾಠ ನನ್ನ ತಲೆಸುತ್ತಿನಿಂದ ನಿಂತುಹೋಯಿತು. ಗೆಳತಿಯರೊಡನೆ ಕಾಶಿಗೆ ಹೊರಟ ದಿನ ನನ್ನ ಎದೆ ಡವಡವ ಎಂದು, ಇಸಿಜಿ ತೆಗೆಸಿ, ಏನೂ ಇಲ್ಲ ಬರೀ ಗ್ಯಾಸು ಎಂದು ಡಾಕ್ಟರು ಹೇಳುವಷ್ಟರಲ್ಲಿ ರೈಲು ಹೋಗಿತ್ತು. ಇದಾವುದನ್ನೂ ನಾನು ಬೇಕೆಂದು ಮಾಡಿದ್ದಲ್ಲ, ದೇವರಾಣೆ. ಆದರೂ ಈ ಸಲ ನನ್ನಿಂದ ಅವಳ ಓಟ ನಿಂತರೆ ಎಂಬ ಯೋಚನೆ ಬಂದದ್ದೇ ತಡ, ಊಟ ಸೇರದಾಯಿತು. ಅದರ ಮೇಲೆ ಚೈತ್ರಳ ಕಟ್ಟಪ್ಪಣೆ ಬೇರೆ: ಮೂವರೂ ಜೊತೆಗೆ ಹೊರಟು ಜೊತೆಗೇ ಮುಗಿಸಬೇಕು, ಯಾರೂ ಯಾರನ್ನೂ ಬಿಟ್ಟು ಹೋಗಕೂಡದು. ಮೂರೂಕಾಲು ಗಂಟೆಯೊಳಗೆ ಮುಗಿಸದಿದ್ದರೆ ಹಿಂದಿನಿಂದ ಒಂದು ಬಸ್ಸು ಬಂದು ಹತ್ತಿಸಿಕೊಳ್ಳುತ್ತದೆ, ಪದಕವಿಲ್ಲ.

ವನಜಾ ದಿನಾ ಬೆಳಿಗ್ಗೆ ಐದಕ್ಕೆದ್ದು ಹಲಸೂರು ಕೆರೆಯ ಸುತ್ತ ಓಡಿದಳು. ನಾನೂ ಅಭ್ಯಾಸ ಮಾಡಿದೆ, ಆದರೆ ಹೆಚ್ಚಾಗಿ ಕುರ್ಚಿಯಲ್ಲಿ ಕೂತು. ಓಟದ ದಾರಿಯ ನಕ್ಷೆಯನ್ನು ಆಫೀಸಿನಲ್ಲಿ ಪ್ರಿಂಟ್ ತೆಗೆದು, ಎಲ್ಲೆಲ್ಲಿ ಟಾಯ್ಲೆಟ್ ಇದೆ, ಎಲ್ಲಿ ಮೆಡಿಕಲ್ ಶಾಪ್ ಬೆಳಿಗ್ಗೆಯೇ ತೆರೆಯುತ್ತದೆ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. ಕೆರೆಯ ಬಳಿ ಹೊರಟು, ಇಂದಿರಾನಗರ ಸುತ್ತಿ, ಪುಲಿಕೇಶಿನಗರದ ಮೇಲೆ ಬೆನ್ಸನ್ ಟೌನಿಗೆ ಹೋಗಿ, ಮತ್ತೆ ಕೆರೆಗೇ ಬರುವ ದಾರಿ. ಬೆನ್ಸನ್ ಟೌನಿನಲ್ಲಿ, ಸರಿಯಾಗಿ ಹದಿಮೂರನೇ ಕಿಲೋಮೀಟರಿನಲ್ಲಿ, ನನ್ನ ಸೋದರತ್ತೆ ಸರಸತ್ತೆಯ ಮನೆ. ಎಂಬತ್ತೊಂದು ವರ್ಷ, ಸೊಂಟದ ಆಪರೇಷನ್ ಆದ ಮೇಲೆ ಗೇಟು ದಾಟಿಲ್ಲ. ಹಿಂದಿನ ದಿನ ಅವರಿಗೊಂದು ಫೋನ್ ಮಾಡಿದೆ. ದಾರಿಯಲ್ಲಿ ಅಕಸ್ಮಾತ್ ಬೇಕಾದರೆ ನಿಮ್ಮ ಬಾತ್‌ರೂಮು ಖಾಲಿಯಿರಲಿ ಎಂದು ಹೇಳಲು ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ಐದೂವರೆಗೆ ಸಾವಿರಾರು ಜನರ ನಡುವೆ ಹೊರಟೆವು. ಇಂದಿರಾನಗರದವರೆಗೆ ನನ್ನ ಎದೆಬಡಿತ ಎಣಿಸುತ್ತಾ ಹೇಗೋ ಓಡಿದೆ. ಪುಲಿಕೇಶಿನಗರದಲ್ಲಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಒಬ್ಬರು ನನ್ನನ್ನು ನೋಡಿ, "ಆರಾಮ್ ಸೇ ಸಾಬ್, ಕೂತ್ಕೊಳ್ಳಿ ಸ್ವಲ್ಪ" ಎಂದು ಸ್ಟೂಲು ಮುಂದೆ ತಳ್ಳಿದರು. ಉಳಿದವರಿಗೆಲ್ಲ ಚಪ್ಪಾಳೆ ತಟ್ಟುತ್ತಿದ್ದವರು ನನಗೆ ಮಾತ್ರ ಸ್ಟೂಲು ಕೊಟ್ಟದ್ದು ನೋಡಿ ನನ್ನ ಮುಖ ಹೇಗಿತ್ತೋ ಎಂದು ಗಾಬರಿಯಾಯಿತು. ವನಜಾ ಉಸಿರೂ ಏರದೆ ನನಗಾಗಿ ನಿಧಾನ ಮಾಡಿಕೊಂಡು ಪಕ್ಕದಲ್ಲೇ ಬರುತ್ತಿದ್ದಳು, ಚೈತ್ರ ನಾಲ್ಕು ಹೆಜ್ಜೆ ಮುಂದಿದ್ದಳು.

ಬೆನ್ಸನ್ ಟೌನಿನ ತಿರುವಿನಲ್ಲಿ ನೋಡಿದರೆ ಸರಸತ್ತೆ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು, ರೇಷ್ಮೆ ಸೀರೆಯುಟ್ಟು, ಅರಿಶಿನ ಕುಂಕುಮದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ.

"ಬನ್ನಿ ಒಳಗೆ, ಇಡ್ಲಿ ಆರೋಗ್ತಾ ಇದೆ" ಎಂದರು.

"ಅತ್ತೆ, ನಾವು ಓಡ್ತಾ ಇದೀವಿ. ನಿಲ್ಲೋ ಹಾಗಿಲ್ಲ" ಎಂದಳು ವನಜಾ.

"ಓಡಮ್ಮ, ಬೇಡ ಅಂದೋರ್ಯಾರು? ಕುಂಕುಮ ತಗೊಂಡು ಓಡು. ಮನೆ ಮುಂದೆ ಬಂದ ಸೊಸೆನ ಬರಿಗೈಲಿ ಕಳಿಸ್ಲಾ? ಏಳು ಗಂಟೆಗೆ ಬರ್ತೀವಿ, ಸ್ವಲ್ಪ ಹೊತ್ತು ಕೂತು ಹೋಗ್ತೀವಿ ಅಂತ ಸೀನ ಫೋನ್ ಮಾಡಿದ್ನಲ್ಲ."

ವನಜಾ ನನ್ನ ಕಡೆ ನೋಡಿದಳು. ನಾನು ಗೇಟಿನ ಚಿಲಕ ನೋಡಿದೆ. ಹೌದು, ಹಾಗೆಯೇ ಹೇಳಿದ್ದೆ. ಬಾತ್‌ರೂಮಿನ ಮಾತು ಮುಗಿದ ಮೇಲೆ ಅದು ತಾನಾಗಿ ಬಾಯಿಂದ ಬಂದಿತ್ತು.

ಎಂಬತ್ತೊಂದರ ಹಿರಿಯಾಕೆ ಬೆಳಿಗ್ಗೆ ಮೂರಕ್ಕೆದ್ದು ಇಡ್ಲಿ ಮಾಡಿಸಿ ಕಾದಿರುವಾಗ ಹಾಗೇ ಓಡಿಹೋಗುವ ಸೊಸೆಯನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ವನಜಾ ಸೆರಗೊಡ್ಡುವ ಹಾಗೆ ನೀಲಿ ಟೀ ಶರ್ಟಿನ ಅಂಚು ಹಿಡಿದು ನಿಂತಳು. ಅತ್ತೆ ಕುಂಕುಮವಿಟ್ಟು, ಎಲೆ ಅಡಿಕೆ, ರವಿಕೆ ಕಣ, ಒಂದು ದಪ್ಪ ತೆಂಗಿನಕಾಯಿ ಅದರಲ್ಲಿ ಹಾಕಿದರು. ಎದೆಯ ಮೇಲಿನ ಓಟದ ನಂಬರು ಕಾಯಿಯ ಭಾರಕ್ಕೆ ಜೋತುಬಿತ್ತು. ಅಷ್ಟು ಹೊತ್ತಿಗೆ ನಾನು ವರಾಂಡದಲ್ಲಿ ಕೂತು ನಾಲ್ಕನೇ ಇಡ್ಲಿ ತಿನ್ನುತ್ತಿದ್ದೆ. ಬೇಡವೆಂದರೆ ಅತ್ತೆ ನೊಂದುಕೊಳ್ಳುತ್ತಾರಲ್ಲ. ವನಜಾ ಕೂರಲೂ ಇಲ್ಲ, ತಿನ್ನಲೂ ಇಲ್ಲ. ಗಡಿಯಾರ ನೋಡುತ್ತಾ ನಿಂತಿದ್ದಳು.

ಹೊರಗೆ ಬಂದಾಗ ಏಳೂಮುಕ್ಕಾಲಿಗೆ ಹತ್ತು ನಿಮಿಷ ಇತ್ತು. ಬೀದಿಯ ತುದಿಯಲ್ಲಿ ಬಸ್ಸು ಕಾಣಿಸಿತು. ಹತ್ತು ಹೆಜ್ಜೆ ಓಡುವಷ್ಟರಲ್ಲಿ ಇಡ್ಲಿ ಗಂಟಲಿಗೆ ಬಂದು ನಿಂತೆ.

"ಕೂತು ಹೋಗ್ತೀವಿ ಅಂತ ನೀವೇ ಹೇಳಿದ್ರಾ?" ಎಂದು ವನಜಾ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು.

"ಹೂಂ."

"ಯಾಕೆ?"

"ಹೆದರಿಕೆ ಆಗಿತ್ತು ಕಣೇ. ನನ್ನ ಕೈಲಿ ಆಗಲ್ಲ ಅಂತ ಮೊದಲೇ ಗೊತ್ತಿತ್ತು. ಅತ್ತೆಯಿಂದಾಗಿ ನಿಂತ್ಹೋಯ್ತು ಅನ್ನಬಹುದಲ್ಲ ಅಂತ."

ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಕಾಯಿಲೆಗೆ ನಾನು ಸರಿಯಾದ ಹೆಸರು ಹೇಳಿದ್ದು ಅದೇ ಮೊದಲು. ಅವಳ ಮಡಿಲಿನಿಂದ ಕಾಯಿ, ರವಿಕೆ ಕಣ ಎಲ್ಲ ಎತ್ತಿಕೊಂಡೆ. "ನೀವಿಬ್ರೂ ಹೋಗಿ" ಎಂದೆ. "ಜೊತೆಗೆ ಅಂದಿದ್ವಲ್ಲಪ್ಪಾ" ಎಂದಳು ಚೈತ್ರ. "ಹೋಗಿ ಅಂದ್ನಲ್ಲ" ಎಂದೆ. ವನಜಾ ಒಂದು ಸಲವಾದರೂ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಮಗಳ ಕೈ ಹಿಡಿದೆಳೆದುಕೊಂಡು ಹೊರಟವಳು ತಿರುವಿನಲ್ಲಿ ಕೂಡ ಹಿಂದಿರುಗಿ ನೋಡಲಿಲ್ಲ. ಅವಳು ಅಷ್ಟು ಜೋರಾಗಿ ಓಡುತ್ತಾಳೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಆಗಲೇ ಆರೇಳು ಮಂದಿ ಇದ್ದರು. ಒಬ್ಬರು ಬಾವಮೈದುನನಿಗೆ ಕಾಲು ಹಿಡಿಯಿತೆಂದು ನಿಂತವರು, ಇನ್ನೊಬ್ಬರು ಹೆಂಡತಿಗೆ ಸುಸ್ತಾಯಿತೆಂದು ನಿಂತವರು. ಆ ಬಾವಮೈದುನ, ಆ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಇರಲಿಲ್ಲ. "ನಿಮಗೇನಾಯ್ತು ಅಂಕಲ್?" ಎಂದು ಒಬ್ಬ ಕೇಳಿದ. ಕಾಯಿ ತೋರಿಸಿ, "ದಾರೀಲಿ ಸೋದರತ್ತೆ ಮನೆ ಸಿಕ್ತು" ಎಂದೆ. ಎಲ್ಲರೂ ತಲೆಯಾಡಿಸಿದರು. ಆದರೆ ನನ್ನ ಗಮನವೆಲ್ಲ ಗಡಿಯಾರದ ಮೇಲೆ, ಕಿಟಕಿಯಾಚೆಯ ಪ್ರತಿಯೊಂದು ನೀಲಿ ಟೀ ಶರ್ಟಿನ ಮೇಲೆ. ನಾನು ಇದುವರೆಗೆ ಪಟ್ಟ ಭಯವೆಲ್ಲ ನನ್ನ ಬಗ್ಗೆಯೇ ಆಗಿತ್ತು. ಬೇರೆಯವರಿಗೋಸ್ಕರ ಹೆದರುವುದು ಇನ್ನೂ ಕಷ್ಟ ಎಂದು ಆಗ ಗೊತ್ತಾಯಿತು.

ಕೆರೆಯ ಬಳಿ ಇಳಿದು ಜನರ ನಡುವೆ ನುಗ್ಗಿ ಹುಡುಕಿದೆ. ವನಜಾ ಪದಕ ಹಾಕಿಕೊಂಡು, ಹಣೆಯ ಕುಂಕುಮ ಮೂಗಿನವರೆಗೆ ಇಳಿದು, ಗುರುತಿಲ್ಲದ ನಾಲ್ಕು ಹೆಂಗಸರ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದಳು. ನಾಲ್ಕು ನಿಮಿಷ ಉಳಿದಿತ್ತೆಂದು ಹೇಳಿ ಚೈತ್ರ ನೀರು ತರಲು ಹೋದಳು. ಆ ಹೆಂಗಸರಲ್ಲೊಬ್ಬರು ನನ್ನ ಕೈಗೆ ಫೋನು ಕೊಟ್ಟು ಫೋಟೋ ತೆಗೆಯಲು ಹೇಳಿ, "ಯಾರಿವರು?" ಎಂದು ಅವಳನ್ನು ಕೇಳಿದರು.

"ನಮ್ಮ ಯಜಮಾನ್ರು. ಹಿಂದೆ ಬರ್ತಾ ಇದ್ರು" ಎಂದಳು ವನಜಾ.

ಅಷ್ಟೇ ಹೇಳಿದಳು. ಬಸ್ಸಿನ ಸುದ್ದಿ ಎತ್ತಲಿಲ್ಲ, ಇಡ್ಲಿಯದೂ ಎತ್ತಲಿಲ್ಲ. ನಾನು ತೆಗೆದ ಫೋಟೋದಲ್ಲಿ ಎಲ್ಲರ ತಲೆಯೂ ಅರ್ಧ ಹೋಯಿತು. ಅವಳ ಜಾಗದಲ್ಲಿ ನಾನಿದ್ದು, ಬಸ್ಸಿನಲ್ಲಿ ಅವಳು ಬಂದಿದ್ದರೆ, ಸೋಮವಾರ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಇಡೀ ಆಫೀಸಿಗೆ ಗೊತ್ತಾಗುತ್ತಿತ್ತು.