ಕುದುರೆ ಮರಿಗೆ ನಾನು ವಿಧಿಸಿದ ಉಪವಾಸ

ಕೆಲವರಿಗೆ ಬೀಡಿಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಸಲಹೆ ಕೊಡುವ ಚಟ. ಅಕ್ಕೂರಿನಲ್ಲಿ ಮೂವತ್ತು ವರ್ಷದಿಂದ ರೇಷ್ಮೆಹುಳು ಸಾಕುತ್ತಿದ್ದೇನೆ. ಹುಳು ಸಾಕಿದವನಿಗೆ ಜಗತ್ತಿನ ಸಕಲ ಪ್ರಾಣಿಗಳೂ ಸ್ವಲ್ಪ ದೊಡ್ಡ ಹುಳುಗಳಾಗಿಯೇ ಕಾಣುತ್ತವೆ. ಮಗಳ ಬಾಣಂತನದಲ್ಲಿ ಕೋಣೆಗೆ ಹುಳುಮನೆಯ ಥರ್ಮಾಮೀಟರು ತಂದು ನೇತುಹಾಕಿ, ಬೀಗಿತ್ತಿಯ ಮುಂದೆ ಮಾನ ಕಳೆದುಕೊಂಡವನು ನಾನು.

ಪಕ್ಕದ ಮನೆಯ ಸಿದ್ದಪ್ಪ ಮದುವೆ ಮೆರವಣಿಗೆಗೆಂದು ಒಂದು ಹೆಣ್ಣು ಕುದುರೆ ಸಾಕಿದ್ದಾನೆ. ಮೊನ್ನೆ ಬೆಳಿಗ್ಗೆ ಅದು ಮರಿ ಹಾಕಿತು. ಮರಿಯ ಗೊರಸಿನ ತುದಿಯಲ್ಲಿ ಮೆತ್ತಗೆ, ಬೆಳ್ಳಗೆ, ಬೆರಳು ಬೆರಳಾಗಿ ಏನೋ ಜೋತಾಡುತ್ತಿತ್ತು. ಸಿದ್ದಪ್ಪ ಗಾಬರಿಯಾಗಿ ದನದ ಡಾಕ್ಟರಿಗೆ ಫೋನ್ ಮಾಡಿದ; ಅವರು ಬರುವ ಮೊದಲೇ ನಾನು ಹೋದೆ. ನೋಡಿದ ಕೂಡಲೇ ತೀರ್ಪು ಕೊಟ್ಟೆ: ಮರಿ ಪೊರೆ ಬಿಡುತ್ತಿದೆ. ಪೊರೆ ಬಿಡುವ ಹುಳುವಿಗೆ ಸೊಪ್ಪು ಹಾಕಬಾರದು. ಆದ್ದರಿಂದ ಮರಿಗೂ ಹಾಲು ಬೇಡ. ಅಷ್ಟಕ್ಕೇ ಬಿಡದೆ ತಾಯಿಗೂ ಮರಿಗೂ ನಡುವೆ ಹಗ್ಗ ಕಟ್ಟಿಸಿ, ಕುರ್ಚಿ ತರಿಸಿಕೊಂಡು ಕಾವಲಿಗೆ ಕೂತೆ. ಮರಿ ನಡುಗುವ ಕಾಲಲ್ಲಿ ಎದ್ದು ತಾಯಿಯ ಕಡೆ ಹೋಗುವುದು, ನಾನು ಹಿಂದಕ್ಕೆ ತಳ್ಳುವುದು. ಸಿದ್ದಪ್ಪನ ತಾಯಿ ಚೆನ್ನಮ್ಮ, "ಹಸ್ಕೊಂಡೈತೆ ಕಣಪ್ಪ, ಬುಡು" ಎಂದರು. ಓದದವರಿಗೆ ಏನು ಗೊತ್ತು ಎಂದುಕೊಂಡೆ. ನಾನೂ ಹೆಚ್ಚೇನೂ ಓದಿಲ್ಲ; ಆದರೆ ರೇಷ್ಮೆ ತರಬೇತಿಯಲ್ಲಿ ಎರಡು ದಿನ ಊಟ ಮಾಡಿದ್ದೇನೆ.

ಎರಡು ತಾಸು ಕಳೆದು ಡಾಕ್ಟರು ಬಂದಾಗ ಮರಿ ಸೋತು ಮಲಗಿತ್ತು. ಅವರು ಗೊರಸು ನೋಡಿ ನಕ್ಕರು. ಹೊಟ್ಟೆಯೊಳಗೆ ಒದ್ದಾಡುವಾಗ ತಾಯಿಗೆ ಗಾಯವಾಗದಿರಲೆಂದು ಮರಿ ತೊಟ್ಟುಕೊಂಡೇ ಹುಟ್ಟುವ ಮೆತ್ತನೆಯ ಹೊದಿಕೆಯಂತೆ ಅದು. ಓಡಾಡಿದರೆ ತಾನೇ ಸವೆದುಹೋಗುತ್ತದಂತೆ. ಹೊಕ್ಕುಳಿಗೆ ಔಷಧಿ ಹಚ್ಚಿದರು, ತಾಯಿಯ ಮಾಸು ಪೂರ್ತಿ ಬಿದ್ದಿದೆಯೇ ಎಂದು ನೋಡಿದರು. ಆಮೇಲೆ "ಹಾಲು ಕುಡೀತಾ?" ಎಂದು ಕೇಳಿದರು. ಎಲ್ಲರೂ ನನ್ನ ಕುರ್ಚಿಯ ಕಡೆ ನೋಡಿದರು. ಈ ಹೊತ್ತಿಗೆ ಗಿಣ್ಣುಹಾಲು ಒಳಗೆ ಹೋಗಿರಬೇಕಿತ್ತು, ರೋಗ ತಡೆಯುವ ಶಕ್ತಿ ಬರುವುದೇ ಅದರಿಂದ, ಇನ್ನೂ ತಡವಾದರೆ ಮರಿ ಉಳಿಯುವುದು ಕಷ್ಟ ಎಂದಾಗ ಕುರ್ಚಿ ಬಿಟ್ಟು ಎದ್ದೆ. ನಾನೇ ಹಗ್ಗ ಬಿಚ್ಚಿದೆ. ಎತ್ತಿ ನಿಲ್ಲಿಸಿದ ಮರಿ ತಾಯಿಯ ಮುಂಗಾಲು, ಗೋಡೆ, ಡಾಕ್ಟರ ಪ್ಯಾಂಟು ಎಲ್ಲವನ್ನೂ ಮೂಸಿ, ಕೊನೆಗೆ ಕೆಚ್ಚಲಿಗೆ ಬಾಯಿ ಹಾಕಿ ಚಪ್ಪರಿಸಿತು. ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆಗೂ ಇರಬಹುದು.

ಮನೆಗೆ ಬಂದು ಊಟಕ್ಕೆ ಕೂತೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ತಟ್ಟೆ ಬರಲಿಲ್ಲ. ಹೆಂಡತಿ ನನ್ನ ಒಡೆದ ಹಿಮ್ಮಡಿಯನ್ನೇ ದಿಟ್ಟಿಸಿ, "ಹಿಮ್ಮಡಿ ಸುಲೀತಾ ಐತೆ. ಪೊರೆ ಬುಡ್ತಾ ಇದ್ದೀರಿ. ಇವತ್ತು ನಿಮ್ಗೆ ಏನೂ ಹಾಕಂಗಿಲ್ಲ" ಎಂದಳು. ಒಳಗಿಂದ ಉಪ್ಸಾರಿನ ವಾಸನೆ ಬರುತ್ತಿತ್ತು. ಕಾಲನ್ನು ಪಂಚೆಯೊಳಗೆ ಎಳೆದುಕೊಂಡು, ಆ ಡಾಕ್ಟರು ಒಂದು ಗಳಿಗೆ ನಮ್ಮ ಮನೆಗೂ ಬಂದು "ಊಟ ಮಾಡಿದ್ರಾ?" ಎಂದು ವಿಚಾರಿಸಿ ಹೋಗಬಾರದೇ ಎಂದು ಬಾಗಿಲ ಕಡೆ ನೋಡುತ್ತ ಕೂತೆ.