ಗರಿನಾಡಿನ ಸೇನಾ ಮಸೂದೆ

ನಮ್ಮ ಸೋದರಮಾವ ಒಂದು ದೇಶದ ರಕ್ಷಣಾ ಮಂತ್ರಿಯಾಗಿದ್ದರು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಆ ದೇಶದ ಹೆಸರು ಗರಿನಾಡು. ಭೂಪಟದಲ್ಲಿ ಹುಡುಕಲೂ ಹೋಗಬೇಡಿ, ನಾನು ಹುಡುಕಿ ಸೋತಿದ್ದೇನೆ. “ಎಲ್ಲಿದೆ ಮಾವ?” ಎಂದು ಕೇಳಿದ್ದಕ್ಕೆ, “ನಿನ್ನ ಭೂಪಟ ಹಳೇದು ಕಣ್ಲಾ” ಎಂದುಬಿಟ್ಟರು.

ಮಾವ ಮಿಲಿಟರಿಯಲ್ಲಿ ಗುಮಾಸ್ತರಾಗಿದ್ದವರು. ಇಡೀ ನೌಕರಿ ಸಾಹೇಬರುಗಳ ಆದೇಶ ಟೈಪು ಮಾಡುವುದರಲ್ಲೇ ಕಳೆಯಿತು. “ಇದರ ಬಗ್ಗೆ ನೀನೇನಂತೀಯ?” ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲವಂತೆ. ಪಿಂಚಣಿ ಪಡೆದು ತುರುವೇಕೆರೆ ಕಡೆಯ ತೋಟದ ಮನೆಗೆ ಬಂದರು. ಮರುವರ್ಷವೇ ಅತ್ತೆ ತೀರಿಕೊಂಡರು. ಮಕ್ಕಳಿರಲಿಲ್ಲ. ಆಮೇಲೆ ಶುರುವಾಯಿತು ನೋಡಿ, ‘ಗರಿನಾಡಿನ ಸೇನಾ ಆಧುನೀಕರಣ ಮತ್ತು ಪುನಾರಚನಾ ಮಸೂದೆ’!

ಮಸೂದೆ ಎಂದ ಮೇಲೆ ಚರ್ಚೆ ಬೇಡವೇ? ಚರ್ಚೆಗೆ ಸದಸ್ಯರು ಬೇಡವೇ? ತೋಟಕ್ಕೆ ಕಾಲಿಟ್ಟವರೆಲ್ಲ ಸದಸ್ಯರೇ! ನಾನಾಗ ತಿಪಟೂರಿನಲ್ಲಿ ಕಾಲೇಜು ಓದುತ್ತಿದ್ದೆ. ರಜೆಗೆ ಹೋದಾಗಲೆಲ್ಲ ವಿರೋಧ ಪಕ್ಷ ನಾನೇ. ಒಮ್ಮೆ ಕಾಯಿ ಕೀಳುವವನು ಮರದ ತುದಿಯಲ್ಲಿದ್ದಾನೆ, ಮಾವ ಬುಡದಲ್ಲಿ ನಿಂತು, “ಕುದುರೆ ದಳ ತೆಗೆದು ಲಾರಿ ದಳ ಮಾಡೋಕೆ ಒಪ್ಪಿಗೆ ಐತೇನಪ್ಪಾ?” ಎಂದು ಕೂಗಿದರು.

“ಅಂಗೇ ಮಾಡಿ ಬುಡಿ ಸ್ವಾಮಿ! ಪಕ್ಕಕ್ಕೆ ನಿಂತ್ಕಳಿ, ಕಾಯಿ ಬೀಳ್ತದೆ!”

ಮಾವ ನನ್ನ ಕಡೆ ತಿರುಗಿ ಗಂಭೀರವಾಗಿ ಹೇಳಿದರು: “ಮೇಲ್ಮನೆ ಒಪ್ಪಿತು.”

ತಿಪಟೂರಿನಿಂದ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದರು. ಕಾಫಿ ಕೊಟ್ಟು ಕೂರಿಸಿ, ಮೂರು ರೆಜಿಮೆಂಟುಗಳನ್ನು ಒಂದು ಮಾಡುವ ಕಲಮನ್ನು ಮಾವ ಓದಿದ್ದೇ ಓದಿದ್ದು. ಕಾಫಿ ಮುಗಿಯಿತು, ಲೋಟ ಒಣಗಿತು, ರೆಜಿಮೆಂಟು ಮುಗಿಯಲಿಲ್ಲ. “ಯಜಮಾನ್ರೇ, ಅಟ್ಟದ ಮ್ಯಾಲಿನ ಕೊಬ್ಬರಿ ಒಸಿ ನೋಡ್ಬೋದಾ?” ಎಂದರು ಆತ. “ಅದನ್ನ ಶೂನ್ಯವೇಳೇಲಿ ಎತ್ತಿ!” ಎಂದು ಗದರಿದರು ಮಂತ್ರಿಗಳು. ವ್ಯಾಪಾರಿ ಮತ್ತೆಂದೂ ತಾವಾಗಿ ಬರಲಿಲ್ಲ, ಗಾಡಿ ಕಳಿಸತೊಡಗಿದರು. ಊರವರೂ ಬಸ್ಸಿಗೆ ಹೋಗುವಾಗ ಮಾವನ ಜಗಲಿ ತಪ್ಪಿಸಿ ತೋಟದ ಹಿಂದಿನ ಬದು ಹಿಡಿದರು. ಸದನ ಖಾಲಿಯಾಯಿತು. ಮಾವ ಮಾತ್ರ ದಿನಾ ಸಂಜೆ ಒಗೆದ ಪಂಚೆಯುಟ್ಟು ಜಗಲಿಯಲ್ಲಿ ಕೂರುತ್ತಿದ್ದರು.

ಇನ್ನು ಕಾವಲಿನ ಕಲಮು! ಕಾವಲಿಗೆ ಒಬ್ಬನನ್ನೇ ನಿಲ್ಲಿಸತಕ್ಕದ್ದಲ್ಲ, ಮಾತಾಡಲು ಇನ್ನೊಬ್ಬ ಇರತಕ್ಕದ್ದು. ನಾನು ಬಿದ್ದು ಬಿದ್ದು ನಕ್ಕೆ. “ಇಬ್ಬರೂ ಹರಟೆ ಹೊಡೀತಾ ನಿಂತ್ರೆ ಶತ್ರು ಒಳಗೆ ಬರಲ್ವಾ ಮಾವ?”

“ಬರ್ಲಿ ಬುಡು. ಅವ್ನೂ ಕೂತು ಮಾತಾಡ್ಲಿ.”

ಒಂದು ಸಲ ನಮ್ಮೂರು ಚಿಕ್ಕನಾಯಕನಹಳ್ಳಿಯಿಂದ ಅಮ್ಮನೂ ನನ್ನ ಜೊತೆ ಬಂದಳು. ಮಾವನ ಒಬ್ಬಳೇ ತಂಗಿ, ಮಸೂದೆಯ ಕಡುವೈರಿ. ಮಾವ ಊಟದ ನಡುವೆ ಫಿರಂಗಿ ಎಳೆದು ತಂದರೆ, “ಮುದ್ದೆ ಆರ್ತದೆ ಅಣ್ಣಯ್ಯ, ಯುದ್ಧ ಆಮ್ಯಾಲೆ ಮಾಡು” ಎನ್ನುವವಳು. ನಾವು ಹೊರಡುವ ದಿನ ಮಾವ ಕೊನೆಯ ಕಲಮು ಓದಿ, ಜಗಲಿಯ ಹಲಗೆಗೆ ಗುದ್ದಿದರು. “ಮಸೂದೆ ಅಂಗೀಕಾರವಾಯ್ತು.”

ನಾನು ಚಪ್ಪಾಳೆ ತಟ್ಟಿ, “ಮುಂದೇನು ಮಾವ?” ಎಂದೆ.

ಮಾವ ಮಸೂದೆಯ ಹಾಳೆಗಳನ್ನು ಮಡಚಿಟ್ಟರು. “ಮುಂದಕ್ಕೇನೂ ಇಲ್ಲ ಕಣ್ಲಾ. ಎಲ್ಲಾ ಮುಗೀತು. ಹೊರಡಿ, ಬಸ್ಸು ಬತ್ತದೆ.”

ಅಮ್ಮ ಆಗಲೇ ಚೀಲ ಹಿಡಿದು ಮೆಟ್ಟಿಲಿಳಿದಿದ್ದಳು. ಅಲ್ಲೇ ನಿಂತಳು. ಅಣ್ಣನ ಮುಖ ನೋಡಿದಳು. ಚೀಲ ಕೆಳಗಿಟ್ಟು ವಾಪಸು ಬಂದು ಕಂಬಕ್ಕೊರಗಿ ಕೂತಳು.

“ನಂದು ವಿರೋಧ ಐತೆ.”

ಮಾವ ತಬ್ಬಿಬ್ಬಾದರು. “ಯಾವ ಕಲಮಿಗೆ?”

“ಎಲ್ಲಾದಕ್ಕೂ. ಮೊದ್ಲಿಂದ ಓದು. ನಿಧಾನಕ್ಕೆ ಓದು.”

ಮಾವ ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು. ಹಾಳೆಗಳನ್ನು ಮತ್ತೆ ಬಿಡಿಸಿ ಮೊದಲನೆಯ ಕಲಮು ಶುರು ಮಾಡಿದರು. ರಸ್ತೆಯಲ್ಲಿ ನಮ್ಮ ಬಸ್ಸು ಬಂದು ನಿಂತು, ಹಾರನ್ ಹೊಡೆದು ಹೋಯಿತು. ಅಮ್ಮ ತಿರುಗಿಯೂ ನೋಡಲಿಲ್ಲ.