ಹತ್ತು ಮಕ್ಕಳ ಪ್ರೋಗ್ರಾಮು

ಎಂಬತ್ತೆಂಟರಾಗ ನಮ್ಮ ಮನಿಯೊಳಗ ಇಬ್ಬರೂ ಹಂಗಾಮಿ ನೌಕರರು. ನಾನು ರಾಯಚೂರಿನ ಕಾಲೇಜೊಂದರಾಗ ಕಂಪ್ಯೂಟರ್ ಮಾಸ್ತರ. ಹೆಂಡತಿ ಶಾಂತಾ ಮಾನ್ವಿ ದವಾಖಾನಿಯೊಳಗ ನರ್ಸ್. ‘ಎರಡು ಮಕ್ಕಳು ಸಾಕು’ ಅಂತ ಊರೂರು ತಿರುಗಿ ಹೇಳೋದು ಅಕಿ ಕೆಲಸ. ಮೊದಲು ಖಾಯಂ ಆಗೋನು ನಾನೇ ಅಂತ ಅಕಿ ಮುಂದ ಭಾಳ ಜಂಬ ಕೊಚ್ಚಿದ್ದೆ.

ಯಾಕಂದ್ರ ನನ್ನ ಕೆಲಸ ನೋಡಾಕ ದೊಡ್ಡ ಸಾಹೇಬರು ಬರೋರಿದ್ರು. ಸಿ ಅನ್ನೋ ಕಂಪ್ಯೂಟರ್ ಭಾಷಾದಾಗ ಫೋರ್ಕ್ ಅಂತ ಬರದ್ರ, ಓಡಾಕತ್ತಿದ ಪ್ರೋಗ್ರಾಮು ತನ್ನಂಥದ್ದೇ ಇನ್ನೊಂದನ್ನ ಹಡೀತದ. ಹಡದದ್ದು ತಂದಿ, ಹುಟ್ಟಿದ್ದು ಮಗು. ಹಿಂದಿನ ದಿನ ಒಂದು ಮಗುವಿನ ಪ್ರೋಗ್ರಾಮು ಚೆಂದ ನಡದಿತ್ತು. ಆದ್ರ ಒಂದೇ ಮಗು ನೋಡಿ ಯಾರು ಖಾಯಂ ಮಾಡ್ತಾರ? ಹತ್ತು ಇರಲಿ ಅಂತ ಫೋರ್ಕನ್ನ ಹತ್ತು ಸರ್ತಿ ತಿರುಗೋ ಲೂಪಿನೊಳಗ ಕುಂದ್ರಿಸಿದೆ. ಸಾಹೇಬರಿಗೆ ನೋಡಾಕ ಸಿಗಲಿ ಅಂತ, ಲೂಪ್ ಮುಗದ ಮ್ಯಾಲ ಹುಟ್ಟಿದವೆಲ್ಲ ಹತ್ತು ನಿಮಿಷ ಮಲಗಿರಬೇಕು ಅಂತನೂ ಬರದೆ. ಮ್ಯಾಲ ‘ಒಬ್ಬರಿಗೆ ಇಷ್ಟೇ ಪ್ರೋಗ್ರಾಮು’ ಅನ್ನೋ ಅಡ್ಡಿನೂ ಬ್ಯಾಡಂತ ಮಷೀನಿನ ಯಜಮಾನನ ಪಾಸ್‌ವರ್ಡ್ ಹಾಕಿ ಒಳಗ ಹೊಕ್ಕೆ. ಎಷ್ಟು ಶಾಣ್ಯಾ ನೋಡ್ರಿ ನಾನು!

ಸಾಹೇಬರು ಬಂದು ಕುಂತ್ರು. ಗುಂಡಿ ಒತ್ತಿದೆ. ಹತ್ತು ಮಕ್ಕಳು ಹುಟ್ಟಿದ್ವು ಸರ್ ಅಂತ ಹೇಳಿ ಮುಗಿಸೋದರಾಗ ಆ ಮಷೀನಿಗೆ ಹಚ್ಚಿದ್ದ ಎಂಟೂ ಟರ್ಮಿನಲ್ ಗಪ್ಪಂತ ನಿಂತ್ವು.

ಆಗ ಹೊಳೀತು. ಹುಟ್ಟಿದ ಕೂಸಿಗೆ ‘ನೀ ಲೂಪ್ ಬಿಟ್ಟು ಹೊರಗ ನಡಿ’ ಅಂತ ಬರಿಯೋದನ್ನೇ ನಾ ಮರತಿದ್ದೆ. ಅದೂ ಅಲ್ಲೇ ತಿರುಗಿ ತಾನೂ ಹಡದಿತ್ತು. ಅದರ ಮಕ್ಕಳೂ ಹಡದಿದ್ವು, ಮೊಮ್ಮಕ್ಕಳೂ ಹಡದಿದ್ವು. ಬಿಟ್ಟಿದ್ರ ಸಾವಿರ ದಾಟ್ತಿದ್ವು, ಮಷೀನಿನ್ಯಾಗ ಜಾಗಾ ಮುಗದದ್ದಕ್ಕ ನೂರಾರಕ್ಕ ನಿಂತಿದ್ವು. ಅವನ್ನ ಕೊಲ್ಲಾಕ ಆಜ್ಞಾ ಕೊಟ್ಟೆ. ಆ ಆಜ್ಞಾ ಓಡಬೇಕಂದ್ರೂ ಹೊಸಾ ಪ್ರೋಗ್ರಾಮೊಂದು ಹುಟ್ಟಬೇಕಂತ! ಹುಟ್ಟಾಕ ಜಾಗಾ ಎಲ್ಲದ?

ಹತ್ತು ನಿಮಿಷ ಎಲ್ಲಾ ಮಲಗಿದ್ವು. ನಾನು ಒಬ್ಬನೇ ಎಚ್ಚರಿದ್ದೆ, ಬೆವರು ಒರಸಿಕೋತ. ಸಾಹೇಬರು ಚಾ ಕುಡದು, ಕಪ್ಪು ಇಟ್ಟು ಕೇಳಿದ್ರು:

“ನಿಮ್ಮ ಮನಿಯವರು ಏನು ಮಾಡ್ತಾರ?”

“ಕುಟುಂಬ ಯೋಜನಾ ನರ್ಸ್, ಸರ್.”

ಅವರು ನಗಲಿಲ್ಲ. ಏನೋ ಬರಕೊಂಡು ಎದ್ದು ಹೋದ್ರು.

ಸಂಜಿಮುಂದ ಬಸ್ಸಿನ್ಯಾಗ ಮಾನ್ವಿ ಮುಟ್ಟಿ ಶಾಂತಾಗ ಎಲ್ಲಾ ಹೇಳಿದೆ. ಅಕಿ ರೊಟ್ಟಿ ಬಡಿಯೋದು ನಿಲ್ಲಿಸಿದಳು. “ನಾ ಬಿಸಿಲಾಗ ತಿರುಗಿ ಮಂದಿ ಕೈಕಾಲು ಹಿಡೀತೀನಿ. ನೀವು ಕುಂತಲ್ಲೇ ನೂರಾರು ಹಡದು ಬಂದೀರೇನ್ರಿ?” ಅಂದಳು.

ಎರಡು ತಿಂಗಳಿಗೆ ನಮ್ಮ ಮನಿಗೆ ಖಾಯಂ ಆರ್ಡರ್ ಬಂತು. ಓಡಿ ಹೋಗಿ ನಾನೇ ಸಹಿ ಮಾಡಿ ಇಸ್ಕೊಂಡೆ. ಲಕೋಟಿ ಮ್ಯಾಲ ಶಾಂತಾನ ಹೆಸರಿತ್ತು.